ನಕ್ಷೆಯಲ್ಲಿ ಸುತ್ತಿದ ಕೈಗವಸು

ನಮ್ಮ ಸ್ಕಿಲೆಟ್ ಕೋವ್ ಎಂಬ ಕಡಲ ಊರಿನಲ್ಲಿ ನನ್ನನ್ನು ಮಾತಿಲ್ಲದವನು ಅನ್ನುತ್ತಾರೆ. ಇರಬಹುದು. ಪಕ್ಕದ ಮನೆಯಲ್ಲಿ ಗಿಡಿಯನ್ ಪಿಂಕ್ಸೆನ್ ಇರುವಾಗ ಬೇರೆಯವರಿಗೆ ಮಾತಿನ ಸರದಿ ಬರುವುದಾದರೂ ಹೇಗೆ? ಆದರೆ ಆ ಕಾಗದದ ಸಂಗತಿಯನ್ನು ಊರಲ್ಲಿ ಆರೇಳು ಬಗೆಯಾಗಿ ಹೇಳುತ್ತಾರೆ. ಅಷ್ಟರಲ್ಲೂ ಪೆದ್ದ ನಾನೇ. ನಾನೇ ಹೇಳಿಬಿಟ್ಟರೆ ಪೆದ್ದತನ ನಡೆದಷ್ಟೇ ಉಳಿಯುತ್ತದೆ, ಇನ್ನೂ ಬೆಳೆಯುವುದಿಲ್ಲ ಎಂದು ಕೂತಿದ್ದೇನೆ. ಮೂರನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ದೋಣಿ ಹತ್ತಿದವನು ನಾನು. ಅಕ್ಷರ ನಿಧಾನ. ನೆನಪು ಮಾತ್ರ ಗಟ್ಟಿಯಾಗಿದೆ.

ಅದು ಸರ್ಕಾರ ಕಾಡ್ ಎಂಬ ಮೀನು ಹಿಡಿಯುವುದಕ್ಕೆ ಬೀಗ ಹಾಕಿದ ಮರುವರ್ಷ, ತೊಂಬತ್ತಮೂರನೆಯ ಇಸವಿ. ನಮ್ಮ ನ್ಯೂಫೌಂಡ್‌ಲ್ಯಾಂಡಿನ ಕರಾವಳಿಯಲ್ಲಿ ಅಜ್ಜ ಮುತ್ತಜ್ಜರೆಲ್ಲ ಹಿಡಿದುಕೊಂಡು ಬಂದ ಮೀನನ್ನು ಇನ್ನು ಮುಟ್ಟಕೂಡದು ಅಂದರು. ಉಳಿದದ್ದು ಲಾಬ್‌ಸ್ಟರ್ ಒಂದೇ. ಅದಕ್ಕೂ ಏಪ್ರಿಲ್ ಕೊನೆಯಿಂದ ಕೆಲವು ವಾರಗಳ ಅವಕಾಶ ಅಷ್ಟೇ. ಆ ವಾರಗಳಲ್ಲಿ ಬೋನಿಗೆ ಬಿದ್ದದ್ದೇ ವರ್ಷದ ರೊಟ್ಟಿ. ಬೋನನ್ನು ಎಲ್ಲೆಂದರಲ್ಲಿ ಇಳಿಸಿದರೆ ಆಗದು. ನೀರಿನ ಅಡಿಯಲ್ಲಿ ಬಂಡೆ ಇರಬೇಕು, ಬಂಡೆಯಲ್ಲಿ ಬಿರುಕು ಇರಬೇಕು. ಅಂಥ ಹದಿಮೂರು ಜಾಗಗಳನ್ನು ನಮ್ಮಪ್ಪ ಗೊತ್ತುಮಾಡಿದ್ದ. ದೋಣಿಯಲ್ಲಿ ನಿಂತು ದಡದ ಕಡೆ ನೋಡಬೇಕು. ಚರ್ಚಿನ ಗೋಪುರ ಒಂದು ಗೊತ್ತಾದ ಬಂಡೆಯ ನೆತ್ತಿಗೆ ಸರಿಯಾಗಿ ಬಂದು ಕೂತರೆ, ಆ ನೇರದಲ್ಲಿ ಬೋನು ಇಳಿಸಬೇಕು. ಒಂದೊಂದು ಜಾಗಕ್ಕೆ ಒಂದೊಂದು ಬಂಡೆ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಹಳೆಯ ಕಡಲ ನಕ್ಷೆಯೊಂದರ ಅಂಚಿನಲ್ಲಿ ಪೆನ್ಸಿಲಿನಿಂದ ಹದಿಮೂರು ಪುಟ್ಟ ಚಿತ್ರ ಬರೆದಿಟ್ಟಿದ್ದ. ಪ್ರತಿಯೊಂದರಲ್ಲೂ ಒಂದು ಚರ್ಚು, ಒಂದು ಬಂಡೆ, ಕೆಳಗೆ ಒಂದು ದೋಣಿ.

ಐವತ್ತೊಂಬತ್ತನೆಯ ಇಸವಿಯಲ್ಲಿ ಸಾಯುವ ಮುಂಚೆ ಅದನ್ನು ನನ್ನ ಕೈಗಿಟ್ಟು ಅಂದ: “ಇದು ಅಪ್ಪನಿಂದ ಮಗನಿಗೆ. ಹೆಂಡ್ತಿಗೂ ತೋರಿಸ್ಬೇಡ. ಎಷ್ಟಂದ್ರೂ ಅವಳು ಪಿಂಕ್ಸೆನ್ ಮನೆ ಹುಡುಗಿ.”

ನನ್ನ ಹೆಂಡತಿ ಡ್ರುಸಿಲ್ಲಾ ಗಿಡಿಯನ್ನನ ದೊಡ್ಡಪ್ಪನ ಮಗಳು. ಗಿಡಿಯನ್ನನೂ ಲಾಬ್‌ಸ್ಟರ್ ಹಿಡಿಯುವವನೇ. ನಾನು ಪ್ರತಿ ವರ್ಷ ಅವನಿಗಿಂತ ಎರಡು ಪೆಟ್ಟಿಗೆ ಹೆಚ್ಚು ತರುವುದು ಹೇಗೆ ಎಂದು ಅವನು ಮೂವತ್ತು ವರ್ಷದಿಂದ ಕೇಳುತ್ತಲೇ ಇದ್ದ. ನಾನು ಹೇಳದೆಯೇ ಇದ್ದೆ. ನಕ್ಷೆಯನ್ನು ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಅದರಲ್ಲಿ ಏನಿದೆ ಎಂದು ಡ್ರುಸಿಲ್ಲಾ ಕೇಳಿದಾಗಲೆಲ್ಲ ಒಂದೇ ಉತ್ತರ ಕೊಡುತ್ತಿದ್ದೆ.

“ರದ್ದಿ.”

ಈ ಒಂದು ಮಾತೇ ನನ್ನನ್ನು ಮುಳುಗಿಸಿದ್ದು.

ಆ ವರ್ಷ ಅಕ್ಟೋಬರಿನಲ್ಲಿ ಚರ್ಚಿನ ಹೆಂಗಸರ ಸಂಘದವರು ದಡ ಗುಡಿಸಲು ಹೋದರು. ಹಿಂದಿನ ಕ್ರಿಸ್‌ಮಸ್ಸಿನ ಹೊಳೆಯುವ ಉಡುಗೊರೆ ಕಾಗದಗಳೆಲ್ಲ ಕಸದ ಗುಂಡಿಯಿಂದ ಹಾರಿ ಬಂದು ಕಡಲಪಾಚಿಗೆ ಸುತ್ತಿಕೊಂಡಿದ್ದವು. ಅದೇ ಬೇಸಿಗೆ ಗಿಡಿಯನ್ನನ ಬೋನಿನಲ್ಲಿ ಒಂದು ಲಾಬ್‌ಸ್ಟರ್ ಬೆಳ್ಳಿಯ ರಿಬ್ಬನ್ ಹೊದ್ದುಕೊಂಡು ಮದುಮಗಳಂತೆ ಕೂತಿತ್ತಂತೆ. ಸಂಘಕ್ಕೆ ಗಿಡಿಯನ್ನನ ಹೆಂಡತಿ ಫೀಬಿಯೇ ಅಧ್ಯಕ್ಷೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಈ ಹಾಳು ಕಾಗದ ಒಲೇಲಿ ನೆಟ್ಟಗೆ ಉರಿಯಲ್ಲ, ಮಣ್ಣಲ್ಲಿ ಕೊಳೆಯಲ್ಲ. ನಮ್ಮನ್ನೆಲ್ಲ ಹೂತಮೇಲೂ ಇದು ಬದುಕಿರುತ್ತೆ. ಈ ಸಲ ಅಂಗಡಿ ಕಾಗದ ಯಾರ ಮನೆಗೂ ಬರಕೂಡದು. ಮನೇಲಿ ಏನಿದೆಯೋ ಅದರಲ್ಲೇ ಸುತ್ತಿ. ಅಂಟುಪಟ್ಟಿ ಹಚ್ಚಕೂಡದು, ದಾರ ಕಟ್ಟಿ. ಬಿಚ್ಚೋರು ಹರೀಕೂಡದು. ಮಡಚಿ, ಇಸ್ತ್ರಿ ಹಾಕಿ, ಮುಂದಿನೋರಿಗೆ ದಾಟಿಸಿ.”

ಡ್ರುಸಿಲ್ಲಾ ಇದನ್ನು ವ್ರತದಂತೆ ಹಿಡಿದಳು. ಮನೆಯಲ್ಲಿ ಅವಳ ಕಣ್ಣಿಗೆ ಬೀಳದ ವಸ್ತು ಉಳಿಯಲಿಲ್ಲ. ಹಿಟ್ಟಿನ ಚೀಲ ಒಗೆದು ಬಿಳಿ ಮಾಡಿದಳು. ಗೋಡೆಗೆ ಅಂಟಿಸಿ ಮಿಕ್ಕ ಹೂವಿನ ಕಾಗದ ಹೊರಬಂತು. ಬಲೆಯ ದಾರವನ್ನು ಹುರಿ ಮಾಡಿದಳು. ಗಂಟಿನ ಮೇಲೆ ಸಿಕ್ಕಿಸಲು ಕಾಡಿನಿಂದ ಕೆಂಪು ಹಣ್ಣಿನ ಗೊಂಚಲು, ಮರದ ಕಾಯಿ ತಂದಳು. ಒಂದು ದಿನ ನನ್ನನ್ನೇ ತುಂಬ ಹೊತ್ತು ನೋಡಿದಳು.

“ಆ ಅಂಗಿ ಇನ್ನೂ ಹಾಕ್ಕೋತೀಯಾ?”

“ಮೈಮೇಲೇ ಇದೆಯಲ್ಲೇ.”

“ಬೆನ್ನಿನ ಭಾಗ ಚೆನ್ನಾಗಿದೆ. ಎರಡು ಜಾಮ್ ಬಾಟಲಿ ಸುತ್ತಬಹುದು.”

ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ. ಡಿಸೆಂಬರ್ ಮುಗಿಯುವವರೆಗೂ ಹಾಗೆಯೇ ಕೂತಿದ್ದೆ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಊರಿನ ಸಭಾಭವನದಲ್ಲಿ ಮರ ನಿಲ್ಲಿಸುತ್ತೇವೆ. ತಿಂಗಳ ಮೊದಲೇ ಚೀಟಿ ಎತ್ತಿರುತ್ತೇವೆ. ಯಾರ ಹೆಸರು ಬಂತೋ ಅವರಿಗೆ ಉಡುಗೊರೆ. ಈ ಭವನ ಇರುವ ಜಾಗದಲ್ಲೇ ಹಿಂದೆ ಚರ್ಚು ಇತ್ತು. ಚಳಿಗಾಲದ ಅಲೆ ಮೆಟ್ಟಿಲ ತನಕ ಬರುತ್ತಿತ್ತೆಂದು ಅರವತ್ತೆರಡರಲ್ಲಿ ಇಡೀ ಊರು ಸೇರಿ, ಹಗ್ಗ ಕಟ್ಟಿ, ದಿಮ್ಮಿಗಳ ಮೇಲೆ ಉರುಳಿಸಿ ಚರ್ಚನ್ನು ಗುಡ್ಡದ ಮೇಲಕ್ಕೆ ಎಳೆದೆವು. ಮುಂದೆ ನಿಂತು ಎಳೆಯುವ ಹಾಡು ಹೇಳಿಕೊಟ್ಟವನು ಗಿಡಿಯನ್. ಅವನು ಹಗ್ಗ ಮುಟ್ಟಿದ್ದನ್ನು ನಾನಂತೂ ನೋಡಲಿಲ್ಲ.

ಆ ಸಲ ಡ್ರುಸಿಲ್ಲಾಗೆ ಗಿಡಿಯನ್ನನ ಹೆಸರೇ ಬಂದಿತ್ತು. ಅವನಿಗೆಂದು ತೋರುಬೆರಳಿಗೆ ಬೇರೆ ಮನೆ ಇರುವ ಉಣ್ಣೆ ಕೈಗವಸು ಹೆಣೆದಿದ್ದಳು. ಅದು ನನಗೆ ಗೊತ್ತಿತ್ತು. ಯಾವುದರಲ್ಲಿ ಸುತ್ತಿದ್ದಾಳೆ ಎಂಬುದು ಗೊತ್ತಿರಲಿಲ್ಲ.

ಗಿಡಿಯನ್ ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ. ದಪ್ಪನೆಯ ಬಿಳಿ ಕಾಗದ. ಅದರ ಮೇಲೆಲ್ಲ ಆಲೂಗಡ್ಡೆ ಕೊರೆದು ಬೀಟ್ರೂಟ್ ರಸದಲ್ಲಿ ಒತ್ತಿದ ಕೆಂಪು ಮೀನುಗಳು.

“ಯಾರವ್ವಾ ಇದನ್ನ ಮಾಡಿದ್ದು? ಬಿಚ್ಚೋಕೇ ಮನಸ್ಸು ಬರ್ತಿಲ್ಲ! ಡ್ರೂಸ್, ನಿಂದೇ ಅಲ್ವಾ? ನಮ್ಮ ಮನೆತನದ ಕೈ ಗೊತ್ತಾಗ್ದೇ ಇರುತ್ತಾ!”

“ಬಾಯಿ ಮುಚ್ಕೊಂಡು ಬಿಚ್ಚೋ. ಹರಿದ್ರೆ ನೋಡು ಮತ್ತೆ,” ಅಂದಳು ಡ್ರುಸಿಲ್ಲಾ.

ಅವನು ಗಂಟು ಬಿಡಿಸಿದ. ಕಾಗದ ತೆರೆದುಕೊಂಡಿತು. ಒಳಗಿನ ಮೈ ನೀಲಿ. ನೀಲಿಯ ಅಂಚಿನಲ್ಲಿ ಸಾಲಾಗಿ ಪುಟ್ಟ ಚರ್ಚುಗಳು.

ನನ್ನ ಬಾಯಲ್ಲಿದ್ದ ಕೇಕು ಅಲ್ಲೇ ನಿಂತಿತು.

ಎದ್ದು “ಅದು ನನ್ನದು, ಕೊಡು” ಅನ್ನಬಹುದಿತ್ತು. ಅಂದರೆ ಇಡೀ ಊರು ಅದರಲ್ಲಿ ಏನಿದೆ ಎಂದು ನೋಡುತ್ತಿತ್ತು. ಕೂತೆ. ಗಿಡಿಯನ್ ಕೈಗವಸು ತೊಟ್ಟು ತೋರುಬೆರಳು ಅಲ್ಲಾಡಿಸುತ್ತಿದ್ದ. ಫೀಬಿ ಕಾಗದವನ್ನು ನೀಟಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. ಚೆಂದವಾಗಿ ಸುತ್ತಿದವರಿಗೆ ಇಟ್ಟಿದ್ದ ಬಹುಮಾನ, ಬೇಕಾಪಲ್ ಎಂಬ ಜೌಗುನೆಲದ ಹಣ್ಣಿನ ಒಂದು ಬಾಟಲಿ ಜಾಮ್, ನನ್ನ ಹೆಂಡತಿಗೇ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮನೆಗೆ ಬಂದು ಕೇಳಿದೆ: “ಆ ಕಾಗದ ಎಲ್ಲಿ ಸಿಕ್ತು?”

“ಮೆಟ್ಟಿಲ ಕೆಳಗಿನ ಪೆಟ್ಟಿಗೇಲಿ. ರದ್ದಿ ಅಂದಿದ್ಯಲ್ಲ. ಯಾವುದೋ ಮಗು ಅಂಚಿನಲ್ಲಿ ಗೀಚಿತ್ತು, ಅದಕ್ಕೇ ಆ ಕಡೆ ಒಳಗೆ ಹಾಕ್ದೆ. ಯಾಕೆ?”

“ಏನಿಲ್ಲ.”

“ಮುಖ ಯಾಕೆ ಉಪ್ಪು ಹಾಕಿದ ಮೀನಿನ ಥರ ಆಗಿದೆ?”

“ಕೇಕು ಜಾಸ್ತಿ ಆಯ್ತು.”

ಕ್ರಿಸ್‌ಮಸ್ ಆದ ಹನ್ನೆರಡು ದಿನ ನಮ್ಮಲ್ಲಿ ಸೋಗು ಹಾಕಿಕೊಂಡು ಮನೆಮನೆಗೆ ಹೋಗುವುದುಂಟು. ಗಂಡಸರು ಹೆಂಗಸರ ಬಟ್ಟೆ, ಹೆಂಗಸರು ಗಂಡಸರ ಬಟ್ಟೆ, ಮುಖಕ್ಕೆ ಮುಸುಕು. ಗುರುತು ಸಿಗದಂತೆ ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾ ಮಾತಾಡಬೇಕು. ಮನೆಯವರು ಯಾರೆಂದು ಊಹಿಸಿದರೆ ಮುಸುಕು ತೆಗೆಯಬೇಕು. ನಾನು ಮದುವೆಯಾದ ಮೇಲೆ ಯಾವತ್ತೂ ಸೋಗು ಹಾಕಿರಲಿಲ್ಲ. ಆ ಸಲ ಎರಡನೆಯ ದಿನವೇ ಡ್ರುಸಿಲ್ಲಾ ಸಂಘದ ಕೆಲಸಕ್ಕೆ ಹೋದಾಗ ಅವಳ ನಿಲುವಂಗಿ ತೊಟ್ಟು, ಹೊಟ್ಟೆಗೆ ಒಂದು ದಿಂಬು, ಎದೆಗೆ ಎರಡು ಕಾಲುಚೀಲದ ಉಂಡೆ ಕಟ್ಟಿ, ತಲೆಗೆ ದಿಂಬಿನ ಗವಸು ಎಳೆದುಕೊಂಡು, ದಾರಿಯಲ್ಲಿ ಹೋಗುತ್ತಿದ್ದ ಒಂದು ಗುಂಪಿನ ಬಾಲಕ್ಕೆ ಸೇರಿ ಗಿಡಿಯನ್ನನ ಅಡುಗೆಮನೆಗೆ ನುಗ್ಗಿದೆ.

ಫೀಬಿ ಕಾಗದಗಳನ್ನೆಲ್ಲ ಇಸ್ತ್ರಿ ಮಾಡಿ ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆಯಂತೆ ನೇತುಹಾಕಿದ್ದಳು. ನಟ್ಟನಡುವೆ ಅಪ್ಪನ ನಕ್ಷೆ, ನೀಲಿ ಮೈ ಈಚೆಗೆ. ಅದರ ಕೆಳಗೇ ಗಿಡಿಯನ್ ಕೂತಿದ್ದ. ಮೂಗಿನ ಮೇಲೆ ಕನ್ನಡಕ. ಕಿವಿಯ ಹಿಂದೆ ಪೆನ್ಸಿಲು. ನಮ್ಮನ್ನು ಕಂಡೊಡನೆ ಸಕ್ಕರೆಯ ಕಂದು ಚೀಲವೊಂದನ್ನು ಮಡಚಿ ಜೇಬಿಗೆ ತುರುಕಿಕೊಂಡ.

ಗುಂಪಿನವರು ಕುಣಿದರು, ಕೀರಲು ದನಿಯಲ್ಲಿ ಮಾತಾಡಿದರು. ಗಿಡಿಯನ್ ಒಬ್ಬೊಬ್ಬರನ್ನೇ ಚಿವುಟಿ, ತಿರುಗಿಸಿ ನೋಡಿದ. ನನ್ನ ಮುಂದೆ ಬಂದು ನಿಂತ.

“ಈ ದಪ್ಪಮ್ಮ ಯಾರು? ಏನಮ್ಮಾ, ಎಷ್ಟು ತಿಂಗಳು?”

ನಾನು ಸುಮ್ಮನಿದ್ದೆ.

“ಯಾವ ಕೇರಿ ನಿಂದು? ಗಂಡ ಇದ್ದಾನಾ, ಓಡಿಹೋದ್ನಾ?”

ಸುಮ್ಮನಿದ್ದೆ. ಗಿಡಿಯನ್ ಹಿಂದೆ ಸರಿದು ತೊಡೆ ತಟ್ಟಿದ.

“ಬಂದು ಕಾಲು ಗಂಟೆ ಆಯ್ತು, ತುಟಿ ಬಿಚ್ಚಿಲ್ಲ! ಈ ಊರಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಕೊಂಡಿರೋ ತಾಕತ್ತು ಇರೋದು ಒಬ್ಬನಿಗೇ. ಮುಸುಕು ತೆಗಿ, ಓಬೆಡ್ ಭಾವ!”

ತೆಗೆದೆ. ಅಡುಗೆಮನೆ ಬಿದ್ದುಬಿದ್ದು ನಕ್ಕಿತು. ಫೀಬಿ ಕಣ್ಣೊರೆಸಿಕೊಳ್ಳುತ್ತಾ ಕೈಗೆ ಕೇಕು ಕೊಟ್ಟಳು. ತಿನ್ನುತ್ತಾ ಕಣ್ಣು ತಾನಾಗಿಯೇ ಮೇಲೆ ಹೋಯಿತು.

“ಏನು ಹಾಗೆ ನೋಡ್ತೀಯ ಭಾವ? ಆ ಕಾಗದ ಬೇಕಾ?” ಗಿಡಿಯನ್ ಕೇಳಿದ. ಅವನ ಕಣ್ಣು ನಗುತ್ತಿತ್ತೋ, ಒಲೆಯ ಬೆಳಕು ಕನ್ನಡಕದಲ್ಲಿ ಹೊಳೆಯುತ್ತಿತ್ತೋ ತಿಳಿಯಲಿಲ್ಲ.

“ನನಗ್ಯಾಕೆ?” ಅಂದೆ.

ಆ ಒಂದು ಮಾತಿಗೆ ನಾನು ಮೂರು ತಿಂಗಳು ದಂಡ ತೆತ್ತೆ.

ಅವನು ನೋಡಿದ್ದಾನೋ ಇಲ್ಲವೋ ಎಂಬುದು ಒಂದು ಚಿಂತೆ. ಉಳಿದವರು ನೋಡಬಾರದಲ್ಲ ಎಂಬುದು ಇನ್ನೊಂದು. ಆ ವರ್ಷ ಹದಿನಾಲ್ಕು ಮನೆಯವರು ಲಾಬ್‌ಸ್ಟರನ್ನೇ ನಂಬಿದ್ದರು. ಜನವರಿಯಲ್ಲಿ ಫೀಬಿ ಆ ಕಾಗದದಲ್ಲಿ ಟೀ ಆರದಿರಲೆಂದು ಟೀಪಾಟಿಗೆ ಹೊದಿಸುವ ಒಂದು ಉಣ್ಣೆ ಟೊಪ್ಪಿಗೆ ಸುತ್ತಿ ಪಾದ್ರಿಗಳ ಹೆಂಡತಿಗೆ ಹುಟ್ಟುಹಬ್ಬಕ್ಕೆ ಕೊಟ್ಟಳು. ನಾನು ಪಾದ್ರಿಗಳ ಮನೆಗೆ ಹೋದೆ. ಟೀ ಕೊಟ್ಟರು. ಕಾಗದ ಪುಸ್ತಕದ ಬೀರುವಿನ ಮೇಲಿತ್ತು. ಕೈಗೆ ಎಟುಕುವ ಹಾಗಿತ್ತು. ಆದರೆ ಆಕೆ ಪಕ್ಕದಿಂದ ಕದಲಲಿಲ್ಲ. ಮರುದಿನ ಹೋದೆ. ಅದರ ಮರುದಿನವೂ ಹೋದೆ. ಫೆಬ್ರವರಿಯಲ್ಲಿ ಕಾಗದ ಯಾವುದೋ ಮಗುವಿನ ಕಂಬಳಿ ಹೊದ್ದು ಇನ್ನೊಂದು ಮನೆಗೆ ಹೋಯಿತು. ನಾನೂ ಹೋದೆ. ಅಲ್ಲಿಯೂ ಟೀ ಕುಡಿದು ಗೋಡೆ ನೋಡುತ್ತಾ ಕೂತೆ.

ಇಡೀ ಜನ್ಮದಲ್ಲಿ ಯಾರ ಮನೆಗೂ ಹೋಗದ ಓಬೆಡ್ ಮಾವ ಮನೆಮನೆಗೆ ಬಂದು, ಮಾತಾಡದೆ ಕೂತು, ನಿಟ್ಟುಸಿರು ಬಿಟ್ಟು ಎದ್ದುಹೋಗುತ್ತಾನೆ ಎಂದರೆ ಊರು ಏನೆಂದುಕೊಳ್ಳಬೇಕು? ನಾನು ಸಾಯುತ್ತಿದ್ದೇನೆ, ಎಲ್ಲರಿಗೂ ಕೊನೆಯ ವಿದಾಯ ಹೇಳುತ್ತಿದ್ದೇನೆ ಅಂದುಕೊಂಡಿತು. ಮನೆಗೆ ಬಟಾಣಿ ಸೂಪು ಬರತೊಡಗಿತು, ಒಂದೊಂದು ಪಾತ್ರೆಯೂ ಅಡುಗೆಮನೆಯ ಚೌಕದ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು. ಪಾದ್ರಿಗಳೇ ಒಂದು ದಿನ ಬಂದು ಹತ್ತಿರ ಕೂತರು.

“ಓಬೆಡ್, ಮನಸ್ಸಿನ ಮೇಲೆ ಏನಾದ್ರೂ ಭಾರ ಇದೆಯಾ?”

“ಇದೆ.”

“ಹೇಳಿ ಹಗುರ ಮಾಡ್ಕೊಳ್ಳಿ.”

“ಏಪ್ರಿಲ್ ಕಳೀಲಿ, ಹೇಳ್ತೀನಿ.”

ಅವರು ನನ್ನ ಕೈ ಹಿಡಿದುಕೊಂಡರು. “ಏಪ್ರಿಲ್‌ವರೆಗೆ ಅಂದ್ರಾ ಡಾಕ್ಟರು?”

ಮಾರ್ಚ್ ಕೊನೆಯಲ್ಲಿ ಅಂಚೆ ಕಚೇರಿಯ ಲೇಯಾ ಬಂದಳು. ಕಣ್ಣಲ್ಲಿ ನೀರು, ಕೈಯಲ್ಲಿ ಪೊಟ್ಟಣ.

“ಕಾಲು ತಣ್ಣಗಾಗ್ತಾ ಬರುತ್ತಂತೆ ಮಾವ, ಇಂಥ ಹೊತ್ತಲ್ಲಿ. ಬಿಸಿನೀರಿನ ಚೀಲ ತಂದಿದ್ದೀನಿ.”

ಪೊಟ್ಟಣದ ಮೇಲೆ ಬೀಟ್ರೂಟಿನ ಮೀನುಗಳು. ಮಾಸಿ ತಿಳಿಗುಲಾಬಿ ಆಗಿದ್ದವು. ನಾನು ಗಂಟು ಬಿಡಿಸಿದೆ. ಚೀಲ ಉರುಳಿ ನೆಲಕ್ಕೆ ಬಿತ್ತು. ಕಾಗದವನ್ನು ಎದೆಗೆ ಅವಚಿಕೊಂಡೆ. ಲೇಯಾ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಓಡಿಹೋದಳು.

ಡ್ರುಸಿಲ್ಲಾ ಬಾಗಿಲು ಹಾಕಿ ಬಂದು ನನ್ನ ಎದುರು ನಿಂತಳು.

“ಊರೆಲ್ಲ ಅಂತಿದ್ದಾರೆ. ನಾನು ನಂಬಲ್ಲ ಅಂತ ಎಲ್ಲರ ಹತ್ರ ಜಗಳ ಆಡ್ದೆ. ಈಗ ಹೇಳು. ಡಾಕ್ಟರ್ ಹತ್ರ ಯಾವಾಗ ಹೋಗಿದ್ದೆ? ಏನಂದ್ರು? ನನ್ನ ಹತ್ರಾನೂ ಮುಚ್ಚಿಡ್ತೀಯಾ?”

ಆಗ ನನಗೆ ನಾಚಿಕೆಯಾಯಿತು. ಕಾಗದವನ್ನು ಮೇಜಿನ ಮೇಲೆ ಹರಡಿದೆ. ಹದಿಮೂರು ಚಿತ್ರಗಳ ಮೇಲೂ ಬೆರಳಿಟ್ಟು ಹೇಳಿದೆ. ಅಪ್ಪ ಅಂದದ್ದನ್ನೂ ಹೇಳಿದೆ. ನಾನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಅವಳು ಕುರ್ಚಿಗೆ ಕುಸಿದಳು. ಮೊದಲು ಅತ್ತಳು. ಆಮೇಲೆ ಹತ್ತಿರವಿದ್ದ ಚಮಚದಿಂದ ನನ್ನ ತಲೆಗೆ ಕುಟ್ಟಿದಳು.

“ನಲವತ್ತೊಂದು ವರ್ಷ ನಿನ್ನ ಕಾಲುಚೀಲ ಹೊಲಿದಿದ್ದೀನಿ! ನಾನು ಹೋಗಿ ಗಿಡಿಯನ್‌ಗೆ ಹೇಳ್ತಿದ್ನಂತಾ? ಅವನ ಮಾತಿನ ನಡುವೆ ನನಗೆ ಸಂದು ಎಲ್ಲಿ ಸಿಗ್ತಿತ್ತೋ, ಮಂಕೇ?” ಮೂಗು ಒರೆಸಿಕೊಂಡು ಚಿತ್ರಗಳ ಮೇಲೆ ಬಗ್ಗಿದಳು. “ನಿಮ್ಮಪ್ಪ ಚೆನ್ನಾಗಿ ಬರೆದಿದ್ದಾನೆ ಬಿಡು. ಆದ್ರೆ ಚರ್ಚಿನ ಮೆಟ್ಟಿಲಿಗೆ ಯಾಕೆ ಅಲೆ ಹೊಡೀತಿದೆ?”

ನಾನೂ ಬಗ್ಗಿ ನೋಡಿದೆ. ಹದಿಮೂರು ಚರ್ಚಿನ ಮೆಟ್ಟಿಲಿಗೂ ಅಲೆ ಹೊಡೆಯುತ್ತಿತ್ತು.

ಅಪ್ಪ ಬರೆದದ್ದು ಕೆಳಗಿದ್ದ ಚರ್ಚನ್ನು. ಅವನು ಸತ್ತು ಮೂರು ವರ್ಷಕ್ಕೆ ನಾವು ಅದನ್ನು ಗುಡ್ಡಕ್ಕೆ ಎಳೆದೆವು. ಆ ವರ್ಷದಿಂದ ನಾನು ಗೋಪುರವನ್ನು ಬಂಡೆಯ ನೆತ್ತಿಗೆ ಹಿಡಿಯುತ್ತಿರಲಿಲ್ಲ. ಅಲ್ಲಿಂದ ಇಷ್ಟು ಎಡಕ್ಕೆ, ಹಳೆಯ ಚರ್ಚು ಇದ್ದ ಜಾಗಕ್ಕೆ ಹಿಡಿಯುತ್ತಿದ್ದೆ. ಕಣ್ಣು ಅದನ್ನು ತಾನಾಗಿ ಮಾಡುತ್ತಿತ್ತು, ಬೇರೆ ಲೆಕ್ಕ ಬೇಕಿರಲಿಲ್ಲ. ನಕ್ಷೆಯನ್ನು ಬಿಚ್ಚಿ ನೋಡಿ ಮೂವತ್ತು ವರ್ಷದ ಮೇಲಾಗಿತ್ತು. ನಾನು ಬೀಗವಿಲ್ಲದ ಪೆಟ್ಟಿಗೆಗೆ ಸುಳ್ಳಿನ ಬೀಗ ಹಾಕಿ ಕಾದದ್ದು, ಹೆಂಡತಿಗೆ ಹೇಳುತ್ತಿದ್ದ ಹಾಗೆ, ರದ್ದಿಯನ್ನೇ.

ಮುದುಕ ಮುದುಕಿ ಇಬ್ಬರೂ ಮೇಜು ಹಿಡಿದುಕೊಂಡು ನಕ್ಕೆವು. ಸೂಪು ಹಿಡಿದು ಬಂದ ಯಾರೋ ಕಿಟಕಿಯಿಂದ ನೋಡಿ, ದುಃಖ ತಲೆಗೇರಿದೆ ಎಂದು ಹಿಂದಿರುಗಿದರಂತೆ.

“ಆದ್ರೆ ಗಿಡಿಯನ್‌ಗೂ ಚರ್ಚು ಎಳೆದದ್ದು ಗೊತ್ತಲ್ಲ,” ಅಂದೆ.

“ಗೊತ್ತಿರೋದು ಬೇರೆ, ನೆನಪಾಗೋದು ಬೇರೆ,” ಅಂದಳು ಡ್ರುಸಿಲ್ಲಾ.

ಏಪ್ರಿಲ್ ಕೊನೆಯಲ್ಲಿ ಬೋನು ಇಳಿಸುವ ದಿನ ನಾನು ಸಾಯದೆ ದೋಣಿ ಹತ್ತಿದ್ದು ನೋಡಿ ಕೆಲವರಿಗೆ ಸ್ವಲ್ಪ ಬೇಸರವೇ ಆಯಿತು, ಸೂಪು ದಂಡವಾಯಿತಲ್ಲ ಎಂದು. ಹೊರಗೆ ಹೋಗಿ ನೋಡಿದರೆ ಬೋನಿನ ಗುರುತಿಗೆ ಕಟ್ಟುವ ಗಿಡಿಯನ್ನನ ಹಳದಿ ತೇಲುಬುರುಡೆಗಳು ಆಗಲೇ ನೀರಲ್ಲಿ ತೇಲುತ್ತಿದ್ದವು. ಯಾವತ್ತೂ ಇಳಿಸದ ಕಡೆ, ಹದಿಮೂರು ಗುಂಪು. ಒಂದೊಂದೂ ಗುಡ್ಡದ ಮೇಲಿನ ಗೋಪುರಕ್ಕೂ ಅಪ್ಪನ ಬಂಡೆಗೂ ದಾರ ಹಿಡಿದಷ್ಟು ನೇರ. ಅಡಿಯಲ್ಲಿ ಬರೀ ಕೆಸರು. ನಾನು ನನ್ನ ಜಾಗಗಳಿಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ.

ಮೊದಲ ಬಾರಿ ಬೋನು ಎತ್ತಿದ ದಿನ ದೋಣಿಕಟ್ಟೆಯ ಮೇಲೆ ಎಲ್ಲರೂ ಸೇರಿದೆವು. ನನ್ನ ಪೆಟ್ಟಿಗೆಗಳು ತುಂಬಿದ್ದವು. ಗಿಡಿಯನ್ನನ ಪೆಟ್ಟಿಗೆಯಲ್ಲಿ ನಾಲ್ಕು ನಕ್ಷತ್ರ ಮೀನು, ಒಂದು ಎಡಗಾಲಿನ ಬೂಟು. ಅವನು ಡ್ರುಸಿಲ್ಲಾ ಹೆಣೆದ ಕೈಗವಸು ತೊಟ್ಟು ದೋಣಿಯ ಅಂಚಿನಲ್ಲಿ ಕೂತಿದ್ದ. ದೂರುವಂತಿರಲಿಲ್ಲ. ಯಾರ ಮೇಲೆ ಏನೆಂದು ದೂರುವುದು? ಕಾಲು ಗಂಟೆಯಾಯಿತು. ತುಟಿ ಬಿಚ್ಚಲಿಲ್ಲ. ಊರವರು ಬೋನು ಬಿಟ್ಟು ಅವನನ್ನೇ ನೋಡತೊಡಗಿದರು.

ಲೇಯಾ ನನ್ನ ತೋಳು ಹಿಡಿದಳು. “ಗಿಡಿಯನ್ ಮಾವನಿಗೆ ಏನಾಗಿದೆ? ಮಾತೇ ಇಲ್ಲ. ಅಂದ್ರೆ ಸಾಯೋರು ಅವರಾ?”

ನಾನು ಅವನ ಹತ್ತಿರ ಹೋಗಿ ನಿಂತೆ.

“ಮುಸುಕು ತೆಗಿ, ಗಿಡಿಯನ್.”

ಅವನು ಕತ್ತೆತ್ತಿದ. ಕಿವಿಯ ತುದಿ ಬೇಯಿಸಿದ ಲಾಬ್‌ಸ್ಟರಿನಷ್ಟು ಕೆಂಪಾಗಿತ್ತು.

“ಚರ್ಚು ಎಳೆದದ್ದು ಅರವತ್ತೆರಡರಲ್ಲಿ,” ಅಂದೆ. “ಹಾಡು ಹೇಳಿಕೊಟ್ಟೋನು ನೀನೇ.”

ಅವನು ಗುಡ್ಡದ ಮೇಲಿನ ಗೋಪುರ ನೋಡಿದ. ಕೆಳಗಿನ ಸಭಾಭವನ ನೋಡಿದ. ಬಾಯಿ ತೆರೆದ, ಮುಚ್ಚಿದ.

“ಹಗ್ಗ ಎಳೆದಿದ್ರೆ ನೆನಪಿರ್ತಿತ್ತು ಭಾವ,” ಅಂದ ಕೊನೆಗೆ.

ಮರುದಿನ ಅವನ ಹಳದಿ ತೇಲುಬುರುಡೆಗಳು ಅವನ ಹಳೆಯ ಜಾಗಗಳಿಗೆ ಮರಳಿದವು. ಆ ವರ್ಷ ನನಗಿಂತ ಎರಡು ಪೆಟ್ಟಿಗೆ ಕಡಿಮೆಯೇ ತಂದ. ಹೇಗೆ ಎಂದು ಮಾತ್ರ ಕೇಳಲಿಲ್ಲ.

ನಕ್ಷೆ ಈಗಲೂ ಊರಲ್ಲಿ ಓಡಾಡುತ್ತಿದೆ. ಮಡಚಿ ಮಡಚಿ ಬಟ್ಟೆಯಷ್ಟು ಮೆತ್ತಗಾಗಿದೆ. ಡ್ರುಸಿಲ್ಲಾ ಒಮ್ಮೆ “ಮುಂದಿನೋರಿಗೆ ಕೊಡ್ಲಾ, ನೀನೇ ಇಟ್ಕೋತೀಯಾ?” ಎಂದು ಕೇಳಿದಳು. ರದ್ದಿ ತಾನೇ, ಸುತ್ತಲಿ ಅಂದೆ.

ಆ ವರ್ಷದ ಕ್ರಿಸ್‌ಮಸ್ಸಿಗೆ ಮರದ ಕೆಳಗೆ ನನ್ನ ಹೆಸರಿಗೆ ಒಂದು ಪೊಟ್ಟಣವಿತ್ತು. ಒಳಗೆ ಒಂದು ಜೊತೆ ದಪ್ಪ ಕಾಲುಚೀಲ. ಸುತ್ತಿದ್ದು ಕಂದು ಬಣ್ಣದ ಸಕ್ಕರೆ ಚೀಲದಲ್ಲಿ, ಒಳಮೈ ಹೊರಗೆ ಮಾಡಿ. ಚೀಲದ ಮೇಲೆ ಪೆನ್ಸಿಲಿನಲ್ಲಿ ಹದಿಮೂರು ಚರ್ಚು, ಹದಿಮೂರು ಬಂಡೆ, ಹದಿಮೂರು ದೋಣಿ. ನಕಲು ಚೆನ್ನಾಗಿಯೇ ಇತ್ತು. ಆಮೇಲೆ ಯಾರೋ ಕೂತು ಪ್ರತಿ ಚರ್ಚಿನ ಕೆಳಗೂ ಗುಡ್ಡ ಹತ್ತುತ್ತಿರುವ ಎರಡೆರಡು ಕಾಲು ಬರೆದು, ಕಾಲಿಗೆ ಬೂಟು ತೊಡಿಸಿದ್ದರು.

ನಾನು ಹರಿಯದೆ ಬಿಚ್ಚಿದೆ. ಡ್ರುಸಿಲ್ಲಾ ಇಸ್ತ್ರಿ ಹಾಕಿದಳು.